ತಪ್ಪಿಗೆ ತಕ್ಕ ದಂಡ ಎಂದರೆ ಎಷ್ಟು?

ಕಳಪೆ ಕೀಟನಾಶಕ ತಯಾರಿಸಿದವರಿಗೆ, ಮಾರಿದವರಿಗೆ ಎಷ್ಟು ದಂಡ ಹಾಕಬೇಕು? ಕಾನೂನು ಪರಿಷ್ಕರಣೆಯ ಮಾತು ಬಂದಾಗಲೆಲ್ಲ ಚರ್ಚೆ ಮೊತ್ತದ ಸುತ್ತಲೇ ತಿರುಗುತ್ತದೆ. ಆದರೆ ಮೊತ್ತ ನಿಗದಿ ಮಾಡುವ ಮೊದಲೇ ಕೇಳಬೇಕಾದ ಹಳೆಯ ಪ್ರಶ್ನೆಯೊಂದಿದೆ: ತಪ್ಪಿಗೂ ದಂಡಕ್ಕೂ ಇರುವ ಅನುಪಾತವನ್ನು ಯಾವುದರಿಂದ ಅಳೆಯಬೇಕು?

ನಮ್ಮಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿಕೊಂಡ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ದಂಡ ಅತಿ ಕಠಿಣವಾದರೆ ಪ್ರಜೆಗಳು ಅರಸನನ್ನು ಕಂಡು ತತ್ತರಿಸುತ್ತಾರೆ. ಮೃದುವಾದರೆ ಅವನನ್ನು ಲೆಕ್ಕಕ್ಕಿಡುವುದಿಲ್ಲ. ಯಥಾರ್ಹವಾಗಿ ದಂಡಿಸುವವನನ್ನು ಮಾತ್ರ ಗೌರವಿಸುತ್ತಾರೆ ಎಂಬುದು ಅವನ ನಿಲುವು. ದಂಡವೇ ಇಲ್ಲದಿದ್ದರೆ ಉಳಿಯುವುದು ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ.

‘ಯಥಾರ್ಹ’ವನ್ನು ಅಳೆಯಲು ಯುರೋಪಿನ ಚಿಂತಕರು ಎರಡು ಬೇರೆ ಬೇರೆ ಕೋಲುಗಳನ್ನು ಹಿಡಿದರು. ಇಮ್ಯಾನ್ಯುಯೆಲ್ ಕಾಂಟ್ ಪ್ರಕಾರ, ದಂಡಕ್ಕೆ ಆಧಾರ ಆ ವ್ಯಕ್ತಿ ಮಾಡಿದ ತಪ್ಪು ಮಾತ್ರ. ಊರಿಗೆಲ್ಲ ಪಾಠ ಕಲಿಸಲೆಂದು ಒಬ್ಬನನ್ನು ಬರಿಯ ಸಾಧನವಾಗಿ ಬಳಸುವಂತಿಲ್ಲ. ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಬೇರೆ ದಾರಿ ಹಿಡಿದ. ಅವನಿಗೆ ದಂಡವೂ ಒಂದು ಕೇಡೇ. ಅದಕ್ಕಿಂತ ದೊಡ್ಡ ಕೇಡನ್ನು ತಡೆಯುವುದಾದರೆ ಮಾತ್ರ ಅದು ಒಪ್ಪತಕ್ಕದ್ದು. ಹಾಗೆ ತಡೆಯಬೇಕಾದರೆ ತಪ್ಪಿನಿಂದ ಸಿಗುವ ಲಾಭಕ್ಕಿಂತ ದಂಡದ ಭಾರ ಹೆಚ್ಚಿರಬೇಕು.

ಈ ಎರಡೂ ಅಳತೆಗಳನ್ನು ನಮ್ಮ ಕಾನೂನಿಗೆ ಹಿಡಿದು ನೋಡೋಣ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ತಿಂದು ಕೇರಳ ಮತ್ತು ಮದ್ರಾಸ್ ಭಾಗದಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಆ ದುರಂತ ಎಬ್ಬಿಸಿದ ಎಚ್ಚರದಿಂದ ಹುಟ್ಟಿದ್ದು 1968ರ ಕೀಟನಾಶಕ ಕಾಯ್ದೆ. 2000ದ ತಿದ್ದುಪಡಿ ಮುಖ್ಯ ಅಪರಾಧಗಳಿಗೆ, ಮೊದಲ ಸಲವಾದರೆ, ಎರಡು ವರ್ಷದವರೆಗೆ ಸೆರೆವಾಸ ಅಥವಾ 10,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಗೊತ್ತುಪಡಿಸಿತು. ಹಣದ ಬೆಲೆ ಇಳಿಯುತ್ತಾ ಹೋದಂತೆ ಇಂಥ ಮೊತ್ತ ತಾನಾಗಿಯೇ ಸವೆಯುತ್ತದೆ. ದೊಡ್ಡ ವಹಿವಾಟಿನವರಿಗೆ ಅದು ಸಾಗಣೆ ಖರ್ಚಿನಂತೆ ವ್ಯಾಪಾರದ ಇನ್ನೊಂದು ಖರ್ಚಾಗಿಬಿಡಬಹುದು. ದಂಡ ಬೆಲೆಯಾಗಿ ಮಾರ್ಪಟ್ಟ ಕ್ಷಣವೇ ಬೆಂಥಮ್‌ನ ಅಳತೆಯಲ್ಲಿ ಕಾನೂನು ಸೋಲುತ್ತದೆ. ಅಮೆರಿಕದಲ್ಲಿ ತಯಾರಕರು, ವಿತರಕರಿಗೆ 1972ರಲ್ಲಿ ಪ್ರತಿ ಉಲ್ಲಂಘನೆಗೆ ಗರಿಷ್ಠ 5,000 ಡಾಲರ್ ಇದ್ದ ದಂಡ ಈಗ 20,000 ಡಾಲರ್ ದಾಟಿದೆ. ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಪ್ರತಿವರ್ಷ ಏರಿಸಬೇಕೆಂದು 2015ರ ಕಾನೂನೇ ಹೇಳುತ್ತದೆ.

ಹಾಗಾದರೆ ಎಲ್ಲರ ದಂಡವನ್ನೂ ಒಂದೇ ಸಮ ಏರಿಸಿದರಾಯಿತೇ? ಇಲ್ಲಿ ಕಾಂಟ್ ತಡೆಯುತ್ತಾನೆ. ಬೇಕೆಂದೇ ಕಲಬೆರಕೆ ಮಾಡಿದ ತಯಾರಕ, ಮೊಹರು ಮಾಡಿದ ಡಬ್ಬಿಯನ್ನು ನಂಬಿ ಮಾರಿದ ಔಷಧಿ ಅಂಗಡಿಯವ, ಬೇರೆಯವರ ಹೊಲದಲ್ಲಿ ಕೂಲಿಗೆ ಔಷಧಿ ಹೊಡೆಯುವ ಕಾರ್ಮಿಕ, ಈ ಮೂವರ ಅರಿವೂ ಒಂದೇ ಅಲ್ಲ, ಆಯ್ಕೆಯೂ ಒಂದೇ ಅಲ್ಲ. ಪರವಾನಗಿ ಇರುವವರಿಂದಲೇ ಸರಕು ಕೊಂಡು, ಸರಿಯಾಗಿ ದಾಸ್ತಾನು ಮಾಡಿ, ಜಾಗರೂಕನಾಗಿದ್ದರೂ ದೋಷ ತಿಳಿಯಲು ಸಾಧ್ಯವಿರಲಿಲ್ಲ ಎಂದು ತೋರಿಸಿಕೊಟ್ಟ ಮಾರಾಟಗಾರನಿಗೆ ನಮ್ಮ ಕಾಯ್ದೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಸ್ವಂತ ಸಾಗುವಳಿಯ ಜಮೀನಿನಲ್ಲಿ ಬಳಸುವವರನ್ನು 38ನೇ ಕಲಂ ಕಾಯ್ದೆಯಿಂದಲೇ ಹೊರಗಿಟ್ಟಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಾ ವಿಷವೇರಿ ಸತ್ತ ರೈತರು ಮತ್ತು ಕೂಲಿಕಾರರಲ್ಲಿ ಅನೇಕರಿಗೆ ಕೈಗವಸು, ಮುಖಗವಸು ಇರಲಿಲ್ಲ. ಅವರು ನಿಯಮ ಪಾಲಿಸಲಿಲ್ಲ ಎನ್ನುವುದು ಸುಲಭ. ಪಾಲಿಸುವ ಅನುಕೂಲವನ್ನು ಯಾರೂ ಮಾಡಿಕೊಡದೆ ಅವರ ಮೇಲೆ ಹೊಣೆ ಹೊರಿಸುವುದು ಅನ್ಯಾಯ. ಯಾರಿಗೆ ಅರಿವು ಮತ್ತು ಅಧಿಕಾರ ಹೆಚ್ಚೋ ಅವರ ಹೊಣೆಯೂ ಹೆಚ್ಚು. ಅನುಪಾತದ ತಿರುಳು ಇದು.

ಮೂರನೆಯ ಮಾತು ಇಟಲಿಯ ಚೆಸಾರೆ ಬೆಕಾರಿಯಾನದು. ತಪ್ಪನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ ಮತ್ತು ಶೀಘ್ರತೆ ಎಂದು ಅವನು 1764ರಲ್ಲೇ ವಾದಿಸಿದ. ಕೀಟನಾಶಕದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ, ಏಕೆಂದರೆ ಇಲ್ಲಿ ಸಾಕ್ಷ್ಯಕ್ಕೇ ಆಯುಸ್ಸಿದೆ. ಪರಿವೀಕ್ಷಕರು ತೆಗೆದ ಮಾದರಿ ಕಳಪೆ ಎಂದು ವರದಿ ಬಂದರೆ, ಕೇಂದ್ರ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಕೇಳುವ ಹಕ್ಕು ಆರೋಪಿಗಿದೆ. ಡಬ್ಬಿಯ ಮೇಲಿನ ಅವಧಿ ಮುಗಿಯುವವರೆಗೂ ಪ್ರಕರಣ ಎಳೆದಾಡಿದರೆ ಆ ಹಕ್ಕಿಗೆ ಅರ್ಥವಿಲ್ಲದಂತಾಗುತ್ತದೆ. ಇದೇ ಕಾರಣಕ್ಕೆ ನ್ಯಾಯಾಲಯಗಳು ಮೊಕದ್ದಮೆಗಳನ್ನು ರದ್ದು ಮಾಡಿದ್ದುಂಟು. ದಂಡವನ್ನು 50 ಲಕ್ಷಕ್ಕೆ ಏರಿಸಿದರೂ ಮಾದರಿಯ ಅವಧಿ ಏರುವುದಿಲ್ಲ.

ಹೀಗಾಗಿ ದಂಡ ಪರಿಷ್ಕರಣೆ ಎಂದರೆ ಮೂರು ಕೆಲಸಗಳು: ಮೊತ್ತವನ್ನು ಹಣದುಬ್ಬರಕ್ಕೂ ತಪ್ಪಿತಸ್ಥರ ವಹಿವಾಟಿಗೂ ಹೊಂದಿಸುವುದು, ಅರಿವು ಮತ್ತು ಅಧಿಕಾರಕ್ಕೆ ತಕ್ಕಂತೆ ಹೊಣೆಯನ್ನು ಶ್ರೇಣೀಕರಿಸುವುದು, ಪ್ರಯೋಗಾಲಯ, ನ್ಯಾಯಾಲಯಗಳನ್ನು ಚುರುಕುಗೊಳಿಸುವುದು. ಮೊದಲನೆಯದಕ್ಕೆ ತಿದ್ದುಪಡಿ ಸಾಕು. ಉಳಿದೆರಡಕ್ಕೆ ಸಿಬ್ಬಂದಿ, ಹಣ, ಸಂಕಲ್ಪ ಬೇಕು. ಅವಿಲ್ಲದೆ ಬರಿಯ ಮೊತ್ತ ಏರಿಸಿದರೆ, ದೊಡ್ಡವರಿಗೆ ಮೃದುವೂ ಸಣ್ಣವರಿಗೆ ತೀಕ್ಷ್ಣವೂ ಆದ ಕಾನೂನು ನಮ್ಮ ಪಾಲಿಗೆ ಬರುತ್ತದೆ. ಕೌಟಿಲ್ಯ ಎಚ್ಚರಿಸಿದ ಎರಡೂ ದೋಷಗಳು ಒಂದೇ ಕಾಯ್ದೆಯಲ್ಲಿ ಸೇರಿಕೊಳ್ಳುತ್ತವೆ.