ಬಂದ ಹಣ, ಪಡೆದ ಹಣ

2025ರ ಮಾರ್ಚ್ ತಿಂಗಳ ಒಂದು ಭಾನುವಾರ ನನ್ನ ಅಕ್ಕನ ಮಗ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಇಂಡಿ ತಾಲ್ಲೂಕಿನ ಹುಡುಗ. 2023ರಲ್ಲಿ ಬಿ.ಕಾಂ. ಮುಗಿಸಿ, ವರ್ಷಕ್ಕೂ ಹೆಚ್ಚು ಕಾಲ ಊರಲ್ಲಿದ್ದುಕೊಂಡೇ ಕೆಲಸ ಹುಡುಕಿ, ಕೊನೆಗೆ 2024ರ ಅಕ್ಟೋಬರಿನಲ್ಲಿ ಐರೋಲಿಯ ಒಂದು ಬ್ಯಾಕ್ ಆಫೀಸಿಗೆ ಸೇರಿಕೊಂಡ. ತಿಂಗಳಿಗೆ 18 ಸಾವಿರ ಸಂಬಳ. ಘನ್ಸೋಲಿಯಲ್ಲಿ ಮೂವರು ಗೆಳೆಯರ ಜೊತೆ ಒಂದು ಕೋಣೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಮಾಮಾ, ಆ ಯುವನಿಧಿ ರೊಕ್ಕ ಇನ್ನೂ ಬರಾಕತ್ತೈತ್ರಿ."

ಯುವನಿಧಿ ಕರ್ನಾಟಕದ ಐದು ಗ್ಯಾರಂಟಿಗಳಲ್ಲಿ ಕೊನೆಯದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದರೆ ಅಲ್ಲಿಗೇ ನಿಂತಿತು. ನಿರುದ್ಯೋಗಿಯಾಗಿಯೇ ಇದ್ದೇನೆಂದು ಫಲಾನುಭವಿ ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು.

ಹುಡುಗ ಘೋಷಣೆ ಕೊಟ್ಟಿರಲಿಲ್ಲ. ಆದರೆ ಘೋಷಣೆ ಹೋಗಿತ್ತು. ಖಾತೆ ಊರಿನ ಬ್ಯಾಂಕಿನದು, ಎಟಿಎಂ ಕಾರ್ಡು ಅಪ್ಪನ ಹತ್ತಿರ, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರೂ ಅಪ್ಪನದೇ. ತಿಂಗಳು ತಿಂಗಳು ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯವನು ಫೋನ್ ಮಾಡಿ ಓಟಿಪಿ ಕೇಳುತ್ತಿದ್ದ, ಭಾವ ಓದಿ ಹೇಳುತ್ತಿದ್ದರು, ಅವನು ತನ್ನ ಐವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಶಿವರಾತ್ರಿಗೆ ಊರಿಗೆ ಹೋದ ಹುಡುಗ ಪಾಸ್‌ಬುಕ್ ನೋಡಿದಾಗಲೇ ತಿಳಿದದ್ದು. ಕೆಲಸಕ್ಕೆ ಸೇರಿದ ಮೇಲೆ ಐದು ಕಂತು, ಒಟ್ಟು 15 ಸಾವಿರ. ನಾಲ್ಕು ಕಂತು ಖರ್ಚಾಗಿ ಹೋಗಿತ್ತು: ಗೊಬ್ಬರ, ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಸೋಲಾಪುರಕ್ಕೆ ಓಡಾಟ. ಐದನೆಯದು ಇನ್ನೂ ಖಾತೆಯಲ್ಲೇ ಇತ್ತು.

ನಾನು ಫೋನಿನಲ್ಲಿ ಭಾವನವರನ್ನು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯ. "ಎರಡ ವರ್ಷ ಕೊಡ್ತೀವಿ ಅಂದಿದ್ರಲ್ಲ? ಎರಡ ವರ್ಷ ಎಲ್ಲಿ ಆಗ್ಯಾವ?" ಎಂದರು. ಆಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಕಾರ ಕೇಳಿದ್ರ ಕೊಡೂಣು. ಕೇಳದ ಯಾರರ ಕೊಡ್ತಾರೇನು?"

ನಾನು ಹುಡುಗನಿಗೆ ದೊಡ್ಡಸ್ತಿಕೆಯಿಂದ, "ನಿನ್ನದಲ್ಲದ ದುಡ್ಡು, ವಾಪಸ್ ಕೊಟ್ಟುಬಿಡು" ಎಂದೆ. ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಯಾಕೆ ನಕ್ಕಳೆಂದು ನನಗೆ ಗೊತ್ತಿತ್ತು. ಹಲವು ವರ್ಷಗಳ ಹಿಂದೆ ನಾನು ಒಂದು ಕಂಪನಿ ಬಿಟ್ಟಾಗ, ಲೆಕ್ಕ ಚುಕ್ತಾ ಮಾಡುವಾಗ ಅವರು ಒಂದು ತಿಂಗಳ ನೋಟಿಸ್ ಸಂಬಳವನ್ನು ನನ್ನಿಂದ ಕಡಿಯಬೇಕಿತ್ತು. ಕಡಿಯುವ ಬದಲು ಸೇರಿಸಿಬಿಟ್ಟಿದ್ದರು. ಹಣ ಖಾತೆಗೆ ಬಿದ್ದ ದಿನವೇ ನನಗೆ ಗೊತ್ತಾಗಿತ್ತು. ಒಂದು ವಾರ ಎದೆ ಹೊಡೆದುಕೊಂಡಿತು, ಒಂದು ತಿಂಗಳು ಮೇಲ್ ನೋಡುವಾಗಲೆಲ್ಲ ಹೆದರಿಕೆ, ಆಮೇಲೆ ಏನೂ ಇಲ್ಲ. ಆ ದುಡ್ಡಿನಲ್ಲಿ ತಂದ ಫ್ರಿಜ್ ಇವತ್ತಿಗೂ ನಮ್ಮ ಮನೆಯಲ್ಲಿದೆ. ನನ್ನ ಸಮಾಧಾನ ಏನಿತ್ತೆಂದರೆ, ನಾನು ಕೇಳಿರಲಿಲ್ಲ, ಅದಾಗಿಯೇ ಬಂತು.

ಈ "ಬಂತು" ಎನ್ನುವ ಮಾತನ್ನು ಆ ದಿನದಿಂದ ಯೋಚಿಸುತ್ತಿದ್ದೇನೆ. ಕನ್ನಡದಲ್ಲಿ ದುಡ್ಡು ಯಾವಾಗಲೂ ಬರುತ್ತದೆ. ಸಂಬಳ ಬಂತು, ಪೆನ್ಶನ್ ಬಂತು, ಬಾಡಿಗೆ ಬಂತು, ಮಳೆ ಬಂದ ಹಾಗೆ. ನಾವು ಏನೂ ಮಾಡಿರುವುದಿಲ್ಲ, ನಮಗೆ ಆಗಿರುತ್ತದೆ ಅಷ್ಟೆ. ಹೆಚ್ಚಾಗಿ ಬಂದ ಹಣಕ್ಕೆ ಈ ವ್ಯಾಕರಣ ಬಹಳ ಅನುಕೂಲ. ಆದರೆ ಯಾವುದೋ ಒಂದು ದಿನ, ಹಣ ಹಾಗೇ ಇದ್ದಲ್ಲೇ ಇದ್ದರೂ, ಕ್ರಿಯಾಪದ ಬದಲಾಗುತ್ತದೆ. ನನಗೆ ಗೊತ್ತಾಗಿ, ಸುಮ್ಮನಿದ್ದ ಆ ದಿನದಿಂದ ಅದು ಬಂದದ್ದಲ್ಲ, ಪಡೆದದ್ದು. ಫ್ರಿಜ್ಜಿನ ದುಡ್ಡು ಮೊದಲ ದಿನದಿಂದಲೇ ಪಡೆದದ್ದು. ಹುಡುಗನ ನಾಲ್ಕು ಕಂತನ್ನು ಹಾಗೆನ್ನಲು ನನಗೆ ನಾಲಿಗೆ ಬರಲಿಲ್ಲ.

ನಮ್ಮಲ್ಲಿ ಇದಕ್ಕೊಂದು ಹಳೆಯ ಕಥೆಯಿದೆ. ಅದೂ ಕಲ್ಯಾಣದ್ದೇ, ನಮ್ಮ ಡೊಂಬಿವಲಿಯಿಂದ ಎರಡು ಸ್ಟೇಷನ್ ಆಚೆಗಿನ ಕಲ್ಯಾಣವಲ್ಲ, ಬೀದರ ಜಿಲ್ಲೆಯದು. ಆಯ್ದಕ್ಕಿ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿ, ನಮಗೆ ಬೇಕಾದ್ದಕ್ಕಿಂತ ಹೆಚ್ಚು ಇದೆ, ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದವನು ಬಸವಣ್ಣ ಎಂದೂ ಹೇಳುತ್ತಾರೆ. ಅಂದರೆ ತಪ್ಪು ಕೊಟ್ಟವನ ಕಡೆಯದೇ. ಸಂಘದ ಕಾರ್ಯಕ್ರಮಗಳಲ್ಲಿ ಇದನ್ನು ನಿರಾಸೆಯ, ತ್ಯಾಗದ ಕಥೆಯಾಗಿ ಎಷ್ಟೋ ಸಲ ಕೇಳಿದ್ದೇನೆ. ಈ ಸಲ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಲಕ್ಕಮ್ಮ ಅಕ್ಕಿಯನ್ನು ಅಳೆದದ್ದು ಒಲೆಗೆ ಹಾಕುವ ಮೊದಲು. ಅಕ್ಕಿ ಇನ್ನೂ ಅಕ್ಕಿಯಾಗಿತ್ತು. ಬೆಂದು, ಬಡಿಸಿ, ಉಂಡಾದ ಮೇಲೆ ಗೊತ್ತಾಗಿದ್ದರೆ ಅವಳು ಏನು ಹೇಳುತ್ತಿದ್ದಳು? ಉಂಡದ್ದನ್ನು ಸುರಿದು ಬಾ ಎಂದು ಯಾರಿಗೂ ಹೇಳಲಾಗುವುದಿಲ್ಲ. ಹೆಚ್ಚೆಂದರೆ ನಾಳೆಯ ಅಕ್ಕಿಯಲ್ಲಿ ಒಂದು ಮುಷ್ಟಿ ಕಡಿಮೆ ಆಯ್ದುಕೊಂಡು ಬಾ ಎನ್ನಬಹುದು.

ಕಾನೂನಿನಲ್ಲೂ ಈ ಎರಡೂ ಇವೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮು ನೇರವಾಗಿದೆ: ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ಹಿಂತಿರುಗಿಸಬೇಕು. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಸರಳ. ಇಬ್ಬರು ಸೇರಿ ಒಬ್ಬನಿಗೆ ನೂರು ರೂಪಾಯಿ ಕೊಡಬೇಕು. ಒಬ್ಬ ಕೊಟ್ಟಿದ್ದಾನೆಂದು ತಿಳಿಯದೆ ಇನ್ನೊಬ್ಬನೂ ಕೊಟ್ಟ. ಎರಡನೆಯ ನೂರು ವಾಪಸಾಗಬೇಕು. ಅಕ್ಕಿ ಅಕ್ಕಿಯಾಗಿದ್ದಾಗಿನ ಕಾನೂನು ಇದು. ಉಂಡ ಅನ್ನಕ್ಕೆ ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ, ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಬೇರೆ ಮಾತು ಹೇಳಿತು. ನೌಕರರ ಮೋಸವಿಲ್ಲದೆ, ಸರ್ಕಾರವೇ ತಪ್ಪಿ ಹೆಚ್ಚು ಸಂಬಳ ಕೊಟ್ಟಿದ್ದರೆ ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ, ನಿವೃತ್ತಿಗೆ ವರ್ಷವೂ ಉಳಿಯದವರಿಂದ, ಐದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ಪಡೆದವರಿಂದ ವಸೂಲಿ ಮಾಡಬಾರದು. ಅವರ ಹಕ್ಕಿನ ಹಣ ಅದು ಎಂದು ಕೋರ್ಟು ಹೇಳಲಿಲ್ಲ. ಕಿತ್ತುಕೊಂಡರೆ ಆಗುವ ನೋವು, ಸರ್ಕಾರಕ್ಕೆ ಸಿಗುವ ಲಾಭಕ್ಕಿಂತ ದೊಡ್ಡದು ಎಂದಿತು.

ಈ ತೀರ್ಪಿನ ನೆರಳಿಗೆ ನಮ್ಮ ಹುಡುಗನನ್ನು ತರಲು ಬರುವುದಿಲ್ಲ. ಅದು ನೌಕರರ ಸಂಬಳದ ಮಾತು. ಇಲ್ಲಿ ಅವನ ಹೆಸರಿನಲ್ಲಿ ಒಂದು ಸುಳ್ಳು ಘೋಷಣೆ ಇದೆ. ಯಾರು ಹೇಳಿದ ಸುಳ್ಳು? ಅಂಗಡಿಯವನು ಗುಂಡಿ ಒತ್ತಿದ, ಹುಡುಗನಿಗೆ ಕೆಲಸ ಸಿಕ್ಕಿದ್ದು ಅವನಿಗೆ ಗೊತ್ತಿರಲಿಲ್ಲ. ಭಾವನವರಿಗೆ ಕೆಲಸದ ವಿಷಯ ಗೊತ್ತಿತ್ತು, ಓಟಿಪಿ ಎಂದರೆ ಮಗ ನಿರುದ್ಯೋಗಿ ಎಂದು ಪ್ರಮಾಣ ಮಾಡಿದ ಹಾಗೆ ಎನ್ನುವುದು ಗೊತ್ತಿರಲಿಲ್ಲ. ಹುಡುಗನಿಗೆ ಎರಡೂ ಗೊತ್ತಾಗಬೇಕಿತ್ತು, ಗೊತ್ತಿರಲಿಲ್ಲ. ಮೊದಲ ಸಂಬಳ ಬಂದ ದಿನ ಒಂದು ಸಲ ಊರಿನ ಖಾತೆಯ ನೆನಪು ಮಾಡಿಕೊಳ್ಳಲಿಲ್ಲ. ಮೂವರ ನಡುವೆ ಒಂದು ಸುಳ್ಳು ಹುಟ್ಟಿತು. ಯಾರೂ ಹೆತ್ತಿಲ್ಲ.

ನಿರುದ್ಯೋಗದ ಹಣದಲ್ಲಿ ಇಂಥದ್ದು ಆಗುವುದಕ್ಕೆ ಅದರ ಸ್ವಭಾವವೂ ಕಾರಣ. ವೃದ್ಧಾಪ್ಯ ಒಮ್ಮೆ ಬಂದರೆ ಹೋಗುವುದಿಲ್ಲ. ನಿರುದ್ಯೋಗ ಯಾವ ದಿನ ಮುಗಿಯುತ್ತದೋ ತಿಳಿಯದು. ತುರ್ಭೆ, ಮಹಾಪೆ, ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡ ಇಎಸ್‌ಐ ಕಾರ್ಮಿಕರಿಗೆ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಎಂಬುದಿದೆ. ಜೀವನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ. ಮೊದಲು ಸರಾಸರಿ ದಿನಗೂಲಿಯ ಶೇ. 25 ಇತ್ತು, ಕೋವಿಡ್ ಕಾಲದಲ್ಲಿ ಶೇ. 50 ಆಯಿತು. ಇಂಥ ಮನುಷ್ಯ ನಾಕಾದಲ್ಲಿ ನಿಂತು ಎರಡು ದಿನ ಮಾಲು ಇಳಿಸಿದರೆ ಆ ಎರಡು ದಿನ ಅವನು ಉದ್ಯೋಗಿಯೋ ನಿರುದ್ಯೋಗಿಯೋ? ಕಾಗದದಲ್ಲಿ ಒಂದು ಗೆರೆ ಇರುತ್ತದೆ. ಬದುಕಿನಲ್ಲಿ ಅದು ಅಷ್ಟು ನೇರ ಇರುವುದಿಲ್ಲ.

ಆ ಗೆರೆಯನ್ನು ಯಂತ್ರದ ಕೈಗೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. ಅಲ್ಲಿ 2015ರ ಸುಮಾರಿಗೆ ಶುರುವಾದ, ಆಮೇಲೆ ರೋಬೋಡೆಟ್ ಎಂದು ಹೆಸರಾದ ವ್ಯವಸ್ಥೆ, ಒಬ್ಬನ ಇಡೀ ವರ್ಷದ ಆದಾಯವನ್ನು 26 ಪಾಕ್ಷಿಕಗಳಿಗೆ ಸಮವಾಗಿ ಹಂಚಿಬಿಡುತ್ತಿತ್ತು. ಆರು ತಿಂಗಳು ದುಡಿದು ಆರು ತಿಂಗಳು ಖಾಲಿ ಕುಳಿತವನು ಲೆಕ್ಕದಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ದುಡಿದವನಾಗುತ್ತಿದ್ದ. ಹಾಗಾಗಿ ಖಾಲಿ ಕುಳಿತಾಗ ಪಡೆದ ಭತ್ಯೆ ಹೆಚ್ಚಾಯಿತು, ವಾಪಸ್ ಕೊಡು ಎಂದು ಪತ್ರ. ಇಲ್ಲ ಎಂದು ಸಾಬೀತು ಮಾಡುವ ಭಾರ ಪತ್ರ ಪಡೆದವನದೇ. ಲಕ್ಷಾಂತರ ಜನರಿಗೆ ಇಲ್ಲದ ಸಾಲ ಹುಟ್ಟಿಕೊಂಡಿತು. ಹಾಗೆ ಸಾಲ ಹೊರಿಸುವುದು ಕಾನೂನುಬಾಹಿರವೆಂದು 2019ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. 2023ರ ಜುಲೈನಲ್ಲಿ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ ವರದಿ ಅದನ್ನು ಕಟುವಾಗಿ ಖಂಡಿಸಿತು. ಆ ಭಾಗಾಕಾರ ಶಾಲೆಯ ಹುಡುಗನೂ ಮಾಡುವಂಥದ್ದು. ಅದನ್ನು ಬರೆದವರೂ ನಮ್ಮ ಹಾಗೆ ಎಸಿ ಕೋಣೆಯಲ್ಲಿ ಕುಳಿತು, ಡೆಡ್‌ಲೈನಿಗೆ ಕೆಲಸ ಮುಗಿಸಿ, ಲೋಕಲ್ ಹಿಡಿದು ಮನೆಗೆ ಹೋದವರೇ ಇದ್ದಾರು.

ಆದರೆ ಲೆಕ್ಕ ತಪ್ಪಬಹುದು ಎನ್ನುವುದು ಸರಿಯಾಗಿರುವ ಲೆಕ್ಕದಿಂದ ತಪ್ಪಿಸಿಕೊಳ್ಳುವ ನೆಪವಾಗಬಾರದು. ಹುಡುಗನ 15 ಸಾವಿರದಲ್ಲಿ ಯಾವ ಗೊಂದಲವೂ ಇಲ್ಲ. ಅವನಿಗೆ ಕೆಲಸವಿತ್ತು.

ಅವನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಸಾವಿರಾರು ಕೋಟಿ ಮುಳುಗಿಸಿದವರು ಆರಾಮ ಅದಾರ. ನಮ್ಮ ಮೂರು ಸಾವಿರಕ್ಕ ಯಾಕ ಇಷ್ಟು ಲೆಕ್ಕ?" ಅವನು ಹೇಳಿದ್ದು ಸುಳ್ಳಲ್ಲ. ನನಗೆ ಹೊಳೆದದ್ದು ಇಷ್ಟೆ: ನಾವು ಈ ಲೆಕ್ಕವನ್ನು ಯಾವಾಗಲೂ ಮೇಲಿನವರ ಜೊತೆ ಹೋಲಿಸಿ ಬಿಡಿಸಿಕೊಳ್ಳುತ್ತೇವೆ, ಕೆಳಗಿನವರ ಜೊತೆ ಹೋಲಿಸಿ ಹಾಕುತ್ತೇವೆ. ನಮ್ಮ ಸೊಸೈಟಿಯಲ್ಲಿ ಲಾಡ್ಕಿ ಬಹೀಣ್ ಮಾತು ಬಂದಾಗ ಇದನ್ನು ನೋಡಿದ್ದೇನೆ. ಮಹಾರಾಷ್ಟ್ರ 2024ರಲ್ಲಿ ಶುರು ಮಾಡಿದ ಆ ಯೋಜನೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದೊಳಗೆ ಆದಾಯವಿರುವ ಮನೆಯ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ. 2025ರ ಜುಲೈನಲ್ಲಿ 26.34 ಲಕ್ಷ ಹೆಸರುಗಳು ಅನರ್ಹವೆಂದು ಕಂಡಿವೆ, ಅವರ ಹಣ ತಡೆಹಿಡಿಯಲಾಗಿದೆ, ಪರಿಶೀಲನೆಯಲ್ಲಿ ಅರ್ಹರೆಂದು ಕಂಡವರಿಗೆ ಮತ್ತೆ ಕೊಡುತ್ತೇವೆ ಎಂದು ಸಚಿವೆ ಅದಿತಿ ತಟಕರೆ ತಿಳಿಸಿದರು. ನಮ್ಮ ಲಿಫ್ಟಿನಲ್ಲಿ ಈ ವಾಕ್ಯದ ಮೊದಲರ್ಧ ಮಾತ್ರ ಓಡಾಡಿತು. "ಎಲ್ಲ ಕಳ್ಳಿಯರು, ವಸೂಲಿ ಮಾಡಬೇಕು" ಎಂದವರಲ್ಲಿ ಒಬ್ಬರು ಮನೆ ಬಾಡಿಗೆಯ ಸುಳ್ಳು ರಸೀದಿ ಕೊಟ್ಟು ತೆರಿಗೆ ಉಳಿಸುವ ವಿಷಯವನ್ನು ನನಗೇ ಹೇಳಿಕೊಟ್ಟವರು. ನಾನೂ ಸುಮ್ಮನೆ ತಲೆಯಾಡಿಸಿದೆ. ನಾನು ಇಳಿಯುವ ಮಹಡಿ ಬಂದಿತ್ತು.

ಹುಡುಗ ಅದೇ ವಾರ ಊರಿಗೆ ಫೋನ್ ಮಾಡಿ ಓಟಿಪಿ ಕೊಡುವುದನ್ನು ನಿಲ್ಲಿಸಿದ. ವಾಪಸ್ ಕೊಡುವುದು ಅಷ್ಟು ಸುಲಭವಾಗಲಿಲ್ಲ. ಭಾವನವರು ಒಂದು ಕಚೇರಿಗೆ ಹೋಗಿ ಕೇಳಿದರು. "ಬಂದ್ ಮಾಡಾಕ ಬರ್ತೈತಿ. ವಾಪಸ್ ತಗೊಳ್ಳೂದು ನಮಗ ಗೊತ್ತಿಲ್ಲ, ಬೇಕಾದ್ರ ಬರದು ಕೊಡ್ರಿ" ಎಂದರಂತೆ. ಕೇಳದೆ ಕೊಡಲು ಹೋದ ಮೊದಲ ಮನುಷ್ಯನನ್ನು ನೋಡಿದ ಹಾಗೆ ನೋಡಿದರು ಎಂದು ಭಾವ ಸ್ವಲ್ಪ ಹೆಮ್ಮೆಯಿಂದ, ಸ್ವಲ್ಪ ಸಿಟ್ಟಿನಿಂದ ಹೇಳಿದರು.

ಬರೆದುಕೊಡುವ ಅರ್ಜಿಯನ್ನು ಹುಡುಗ ಮುಂದಿನ ಭಾನುವಾರ ತಂದಿದ್ದ. ಖಾತೆಯಲ್ಲಿ ಉಳಿದಿರುವ 3,000 ತಕ್ಷಣ ಕಟ್ಟುತ್ತೇನೆ, ಖರ್ಚಾಗಿರುವ 12 ಸಾವಿರವನ್ನು ತಿಂಗಳಿಗೆ ಒಂದು ಸಾವಿರದಂತೆ ಕಟ್ಟುತ್ತೇನೆ, ಎಲ್ಲಿ ಕಟ್ಟಬೇಕು ತಿಳಿಸಿ ಎಂದು ಬರೆದಿದ್ದ. 18 ಸಾವಿರ ಸಂಬಳದಲ್ಲಿ ಕೋಣೆ ಬಾಡಿಗೆ, ಮೆಸ್ಸು, ಪಾಸು, ಊರಿಗೆ ಕಳಿಸುವುದು ಎಲ್ಲ ಕಳೆದು ಒಂದು ಸಾವಿರ ಹೇಗೆ ಉಳಿಯುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಸಹಾಯ ಮಾಡಬೇಕಾಗುತ್ತಿತ್ತು. ಆಮೇಲೆ ಹೆಂಡತಿ ಕೇಳಿದಳು, ಮಾಡಿದೆವು.

ಅರ್ಜಿಯಲ್ಲಿ ಅವನಿಗೆ ಒಂದೇ ಅನುಮಾನವಿತ್ತು. "ತಪ್ಪಾಗಿ ಬಂದ ಹಣ ಅಂತ ಬರೀಲ್ಯೋ, ತಪ್ಪಾಗಿ ಪಡೆದ ಹಣ ಅಂತ ಬರೀಲ್ಯೋ ಮಾಮಾ?" ನಾನು ಏನೂ ಹೇಳುವ ಮೊದಲೇ ಪೆನ್ನು ತೆಗೆದು ತಾನೇ ತಿದ್ದಿದ. ನಾಲ್ಕು ಕಂತಿನ ಮುಂದೆ "ಬಂದ" ಎಂದು ಹಾಗೇ ಬಿಟ್ಟ. ಪಾಸ್‌ಬುಕ್ ನೋಡಿದ ಮೇಲೂ ಮೂರು ವಾರ ಖಾತೆಯಲ್ಲಿದ್ದ ಐದನೆಯದರ ಮುಂದೆ "ಪಡೆದ" ಎಂದು ಬರೆದ.