ಸಾವನ್ನೂ ಬಯಸದ ಸಾವು

ಧಾರ್ಮಿಕ ನಂಬಿಕೆಯು ಮನುಷ್ಯನ ಆಯ್ಕೆಗಳನ್ನು ರೂಪಿಸುತ್ತದೆ ಎನ್ನುವಾಗ ಸಾಮಾನ್ಯವಾಗಿ ಊಟ, ಉಡುಗೆ, ಮದುವೆಗಳ ಮಾತು ಬರುತ್ತದೆ. ಆದರೆ ಆಯ್ಕೆ ಎಂದರೇನು ಎಂಬುದನ್ನೇ ನಂಬಿಕೆಯು ಬೇರೆ ಬಗೆಯಲ್ಲಿ ತೀರ್ಮಾನಿಸಿಕೊಂಡಿರುವ ಸಂದರ್ಭಗಳೂ ಇದ್ದು, ಅಂಥ ಕಡೆ ಧರ್ಮಕ್ಕೂ ಆಧುನಿಕ ಕಾನೂನಿಗೂ ಮಾತೇ ಕೂಡುವುದಿಲ್ಲ. ಜೈನರ ಸಲ್ಲೇಖನ ವ್ರತ ಅಂಥದು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿ, ಅಂದಿನ ಭಾರತೀಯ ದಂಡಸಂಹಿತೆಯಡಿ ಅಪರಾಧವಾಗಿ ಕಾಣಬೇಕೆಂದು ಹೇಳಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಸಲ್ಲೇಖನವೆಂದರೆ ಚೆನ್ನಾಗಿ ತೆಳುವಾಗಿಸುವುದು. ತೆಳುವಾಗಬೇಕಾದದ್ದು ದೇಹವೊಂದೇ ಅಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು, ಅಂದರೆ ಆತ್ಮಕ್ಕೆ ಅಂಟಿದ ಮಲಿನ ಭಾವಗಳು, ಮೊದಲು ಸವೆಯಬೇಕು, ಅವು ಸವೆಯದೆ ಒಡಲು ಮಾತ್ರ ಬತ್ತಿದರೆ ಅದು ಬರಿಯ ಉಪವಾಸ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ (ಹೊರಗಿನಿಂದ ಬಂದೆರಗುವ ವಿಪತ್ತು), ಬರ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ ವ್ರತಕ್ಕೆ ಅವಕಾಶ ಕೊಡುತ್ತದೆ. ವ್ರತಿಯು ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಬೇಡಿ, ಮೊದಲು ಅನ್ನ ಬಿಟ್ಟು ಹಾಲಿನಂಥ ಪಾನೀಯಕ್ಕೆ ಬರುತ್ತಾನೆ. ಆಮೇಲೆ ಅದನ್ನೂ ಬಿಟ್ಟು ಗಂಜಿತಿಳಿ, ಬಿಸಿನೀರಿಗೆ ಇಳಿಯುತ್ತಾನೆ. ಕಡೆಗೆ ನೀರೂ ನಿಲ್ಲುತ್ತದೆ. ಆಪತ್ತು ತಪ್ಪಿದರೆ ಊಟಕ್ಕೆ ಮರಳಬಹುದಾದ, ಗಡುವಿಟ್ಟು ಹಿಡಿಯುವ ನಿಯಮ ಸಲ್ಲೇಖನವೂ ಉಂಟು. ಸಾಯುವವರೆಗಿನದು ಯಮ ಸಲ್ಲೇಖನ.

ಇದಕ್ಕಿಂತ ಮುಖ್ಯವಾದದ್ದು ಅತಿಚಾರಗಳ, ಎಂದರೆ ವ್ರತವನ್ನು ಕೆಡಿಸುವ ದೋಷಗಳ ವಿಚಾರ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಇನ್ನಷ್ಟು ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಗೆಳೆಯರ ಮೇಲಿನ ಮೋಹ, ಉಂಡ ಸುಖದ ನೆನಪು, ಮುಂದಿನ ಜನ್ಮದ ಭೋಗದ ಬಯಕೆ. ಬದುಕುವ ಆಸೆಯ ಪಕ್ಕದಲ್ಲೇ ಸಾಯುವ ಆಸೆಯನ್ನೂ ದೋಷವೆಂದು ಕೂರಿಸಿರುವುದು ಗಮನಾರ್ಹ. ಕಾನೂನು ಕೇಳುವುದು ಸಾಯುವ ಉದ್ದೇಶವಿತ್ತೇ ಎಂದು. ಉದ್ದೇಶವಿದ್ದರೆ ವ್ರತವೇ ಕೆಟ್ಟಿತು ಎನ್ನುತ್ತದೆ ಶಾಸ್ತ್ರ. ಇಲ್ಲಿ ಆಯ್ಕೆಯೆಂದರೆ ಎರಡರಲ್ಲೊಂದನ್ನು ಬಯಸಿ ಹಿಡಿಯುವುದಲ್ಲ, ಬಯಕೆಯನ್ನೇ ಬಿಡುವುದು. ಬಯಕೆಯಿಲ್ಲದ ಆಯ್ಕೆಯನ್ನು ಅಳೆಯುವ ಸಾಧನ ನ್ಯಾಯಾಲಯದ ಬಳಿ ಇಲ್ಲ, ಬಹುಶಃ ಯಾರ ಬಳಿಯೂ ಇಲ್ಲ.

ಈ ನಂಬಿಕೆಗೆ ಕರ್ನಾಟಕದಲ್ಲಿ ಕಲ್ಲಿನ ಸಾಕ್ಷ್ಯವಿದೆ. ಗಂಗರ ಇಮ್ಮಡಿ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ, ರಾಷ್ಟ್ರಕೂಟರ ನಾಲ್ವಡಿ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಈ ಮಾರ್ಗ ಹಿಡಿದರು. ಇದು ಮುಗಿದುಹೋದ ಕಾಲದ ಆಚರಣೆಯೂ ಅಲ್ಲ: ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ದೇಹ ಬಿಟ್ಟದ್ದು ಸಲ್ಲೇಖನದಿಂದಲೇ.

ಹಾಗೆಂದು ಕಾನೂನಿನ ಸಂಶಯವನ್ನು ತಳ್ಳಿಹಾಕುವಂತಿಲ್ಲ. ಮುನಿಯ ವ್ರತಕ್ಕೂ ಗೃಹಸ್ಥರ ಮನೆಯ ನಡುಕೋಣೆಯಲ್ಲಿ ಮಲಗಿದ ಮುದುಕಿಯ ವ್ರತಕ್ಕೂ ಶಾಸ್ತ್ರ ಒಂದೇ ಆದರೂ ಸನ್ನಿವೇಶ ಒಂದೇ ಅಲ್ಲ. ದರ್ಶನಕ್ಕೆ ಜನ ಬರತೊಡಗಿದ, ಮನೆತನದ ಹೆಸರು ಊರಿನ ಬಾಯಲ್ಲಿರುವ ಹೊತ್ತಿನಲ್ಲಿ ಆಕೆ ಒಂದು ಲೋಟ ನೀರು ಕೇಳಿದರೆ ಅದು ದೇಹದ ಬಾಯಾರಿಕೆಯೆಂದು ತೋರುವುದೋ, ವ್ರತಭಂಗವೆಂದು ತೋರುವುದೋ? ಕೇಳುವ ಧೈರ್ಯವನ್ನೇ ಸುತ್ತಲಿನ ಗೌರವ ಕಸಿದುಕೊಂಡಿದ್ದರೆ, ಆಸೆ ಅಳಿದಿದೆಯೋ ಅದುಮಿಟ್ಟಿದೆಯೋ ಎಂದು ಹೊರಗಿನವರಿಗೆ ತಿಳಿಯದು.

ಈ ಅಪಾಯವನ್ನು ಪರಂಪರೆ ಅರಿಯದೆ ಇರಲಿಲ್ಲ. ವ್ರತ ಕೊಡುವ ಮುನ್ನ ಕಾಲ, ದೇಹ, ಮನಸ್ಸುಗಳನ್ನು ಪರೀಕ್ಷಿಸಿ, ಕೊನೆಯವರೆಗೂ ಜೊತೆಗಿರುವ ನಿರ್ಯಾಪಕಾಚಾರ್ಯನೆಂಬ ಗುರುವಿಗೆ ಬೇಡವೆನ್ನುವ ಅಧಿಕಾರವೂ ಇದೆ. ಸಲ್ಲೇಖನದ ಲಕ್ಷಣ ಬರೆದ ಸಮಂತಭದ್ರರೇ ತಣಿಯದ ಹಸಿವಿನ ಭಸ್ಮಕವೆಂಬ ರೋಗಕ್ಕೆ ತುತ್ತಾಗಿ ಈ ವ್ರತ ಬೇಡಿದಾಗ, ಅವರಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಇನ್ನೂ ಇದೆಯೆಂದು ಗುರು ಒಪ್ಪಲಿಲ್ಲವೆಂಬ ಕಥೆಯಿದೆ. ಮುನಿದೀಕ್ಷೆಯನ್ನು ಬದಿಗಿಟ್ಟು, ಹೊಟ್ಟೆ ತುಂಬ ಉಂಡು, ಗುಣವಾಗಿ ಬಾ ಎಂದು ಕಳುಹಿಸಿದರಂತೆ. ಕನ್ನಡನಾಡಿನ ನಿಸಿದಿಗಲ್ಲುಗಳಲ್ಲಿ, ಎಂದರೆ ಹೀಗೆ ಮಡಿದವರ ಸ್ಮಾರಕ ಶಿಲೆಗಳಲ್ಲಿ, ಹಲವು ಕಡೆ ವ್ರತಿಯೊಬ್ಬನೇ ಇರುವುದಿಲ್ಲ: ನಡುವೆ ಗ್ರಂಥವಿಡುವ ಪೀಠ, ಅದರ ಒಂದು ಪಕ್ಕದಲ್ಲಿ ಕೈಮುಗಿದು ಕುಳಿತ ವ್ರತಿ, ಇನ್ನೊಂದು ಪಕ್ಕದಲ್ಲಿ ಆತನಿಗೆ ಎದುರಾಗಿ ಗುರು.