ಲುಕ್ರೀಷಿಯಾ ಮಾಟ್ ಭಾವಚಿತ್ರದ ಮುಂದೆ

ಜೋಸೆಫ್ ಕೈಲ್ 1842ರಲ್ಲಿ ಬರೆದ ತೈಲಚಿತ್ರ. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ. ತಲೆಗೆ ಬಿಳಿ ಕುಲಾವಿ, ಹೆಗಲಿಗೆ ಸಾದಾ ಶಾಲು. ಗುಲಾಮಗಿರಿಯ ವಿರುದ್ಧ, ಹೆಣ್ಣಿನ ಹಕ್ಕಿನ ಪರವಾಗಿ ಜೀವಮಾನವಿಡೀ ಮಾತಾಡಿದವರು ಇಲ್ಲಿ ಸುಮ್ಮನೆ ಕೂತಿದ್ದಾರೆ. ಚಿತ್ರ ಮುಖವನ್ನು ಉಳಿಸಿಕೊಡುತ್ತದೆ. ದನಿಯನ್ನು ನಾವೇ ಹುಡುಕಿಕೊಳ್ಳಬೇಕು.

*

ಕ್ವೇಕರ್ ಎಂಬ ಕ್ರೈಸ್ತ ಪಂಥದ ಹಿಂದಿನವರು ಭಾವಚಿತ್ರ ಬರೆಸಿಕೊಳ್ಳುವುದನ್ನೇ ಒಣಜಂಭ ಎಂದು ದೂರವಿಟ್ಟಿದ್ದರು. ಅಂಥವರ ನಡುವಿನಿಂದ ಬಂದ ಹೆಣ್ಣಿನ ಮುಖ ಗೋಡೆಗೇರಿದ್ದು ಚೆಲುವಿಗಾಗಿ ಅಲ್ಲ.

*

ಓದುವಾಗ ಹುಡುಗಿಗೂ ಹುಡುಗನಿಗೂ ಶುಲ್ಕ ಒಂದೇ. ಓದಿ ಮೇಷ್ಟ್ರಾದರೆ ಹೆಣ್ಣಿಗೆ ಅರ್ಧ ಸಂಬಳ. ಎಳೆಯ ವಯಸ್ಸಿನಲ್ಲಿ ಕಂಡ ಈ ಲೆಕ್ಕ ಲುಕ್ರೀಷಿಯಾಗೆ ಕೊನೆಯವರೆಗೂ ಮರೆತುಹೋಗಲಿಲ್ಲ. ಅನ್ಯಾಯ ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಸಂಬಳದ ದಿನವೇ.

*

ಗುಲಾಮರು ಬೆಳೆದ ಹತ್ತಿ, ಗುಲಾಮರು ದುಡಿದ ಕಬ್ಬಿನ ಸಕ್ಕರೆ ಮನೆಗೆ ಬೇಡ ಎಂದರು. ಗಂಡ ಜೇಮ್ಸ್ ನಡೆಯುತ್ತಿದ್ದ ಹತ್ತಿ ವ್ಯಾಪಾರ ಬಿಟ್ಟು ಉಣ್ಣೆಗೆ ಇಳಿದರು. ಗಲ್ಲಾಪೆಟ್ಟಿಗೆ ಮುಟ್ಟದ ತತ್ವವನ್ನು ನಾನು ಅಷ್ಟಾಗಿ ನಂಬುವುದಿಲ್ಲ.

*

1838ರ ಮೇ ತಿಂಗಳು, ಫಿಲಡೆಲ್ಫಿಯಾ. ಗುಲಾಮಗಿರಿ ವಿರೋಧಿಗಳು ಕಟ್ಟಿಸಿದ ಪೆನ್ಸಿಲ್ವೇನಿಯಾ ಹಾಲ್ ಅನ್ನು ಹೊರಗೆ ಪುಂಡರು ಮುತ್ತಿದ್ದರು. ಲುಕ್ರೀಷಿಯಾ ಇದ್ದ ಸಭೆಯಿಂದ ಕಪ್ಪು ಹೆಂಗಸರೂ ಬಿಳಿ ಹೆಂಗಸರೂ ತೋಳಿಗೆ ತೋಳು ಸೇರಿಸಿಕೊಂಡು ಅವರ ನಡುವೆಯೇ ನಡೆದು ಬಂದರು. ಉದ್ಘಾಟನೆಯಾದ ನಾಲ್ಕನೇ ದಿನವೇ ಕಟ್ಟಡ ಬೆಂಕಿಗೆ ಬಿತ್ತು.

*

1840ರಲ್ಲಿ ಲಂಡನ್ನಿನಲ್ಲಿ ಗುಲಾಮಗಿರಿ ವಿರೋಧಿಗಳ ವಿಶ್ವ ಸಮ್ಮೇಳನ. ಅಮೆರಿಕದಿಂದ ಹಡಗು ಹತ್ತಿ ಹೋದ ಲುಕ್ರೀಷಿಯಾ ಮತ್ತಿತರ ಮಹಿಳೆಯರನ್ನು ಪ್ರತಿನಿಧಿಗಳೆಂದು ಒಪ್ಪಲಿಲ್ಲ. ಬೇರೆ ಕೂತು ಕೇಳಿಸಿಕೊಳ್ಳಿ ಅಂದರು. ಸರಪಳಿ ಕಡಿಯಲು ಸೇರಿದವರೂ ಬಾಗಿಲಿಗೆ ಅಗುಳಿ ಹಾಕಬಲ್ಲರು.

ಆ ಸಭೆಯನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದವನು ಬೆಂಜಮಿನ್ ಹೇಡನ್. ಲುಕ್ರೀಷಿಯಾಗೆ ಎದ್ದು ಕಾಣುವ ಜಾಗ ಕೊಡಬೇಕೆಂದಿದ್ದ. ಎದುರಿಗೆ ಕೂರಿಸಿಕೊಂಡ ಮೇಲೆ ಅವರ ಧಾರ್ಮಿಕ ವಿಚಾರ ಹಿಡಿಸಲಿಲ್ಲ. ಆ ಜಾಗ ಅವರಿಗಿಲ್ಲ ಎಂದು ತೀರ್ಮಾನಿಸಿ, ಅದನ್ನು ದಿನಚರಿಯಲ್ಲೂ ಬರೆದಿಟ್ಟ. ಸಭೆಯಲ್ಲಿ ತಪ್ಪಿದ ಜಾಗ ಚಿತ್ರದಲ್ಲೂ ತಪ್ಪಿತು. ಚರಿತ್ರೆಯ ಗುಂಪುಚಿತ್ರ ನೋಡುವಾಗ ಮುಂದಿನ ಸಾಲಿನವರ ಹೆಸರು ಕೇಳಿದರೆ ಸಾಲದು, ಹಿಂದಿನ ಸಾಲಿನವರನ್ನು ಅಲ್ಲಿ ಕೂರಿಸಿದವರು ಯಾರು ಎಂದೂ ಕೇಳಬೇಕು.

*

ಅದೇ ಲಂಡನ್ನಿನಲ್ಲಿ, ಮುಂದೆ ಹೆಣ್ಣಿನ ಹಕ್ಕಿಗಾಗಿ ಹೋರಾಡಿದ ಎಲಿಜಬೆತ್ ಕೇಡಿ ಸ್ಟಾಂಟನ್ ಜೊತೆಯಾದರು. ಅವಮಾನವನ್ನು ಇಬ್ಬರು ಹಂಚಿಕೊಂಡರೆ ಅದು ಕೆಲಸವಾಗುತ್ತದೆ.

*

ಎಂಟು ವರ್ಷದ ಮೇಲೆ ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ ಹೆಂಗಸರೇ ಸಭೆ ಕರೆದರು. ಮತದಾನದ ಹಕ್ಕು ಕೇಳಿದರೆ ಜನ ನಕ್ಕಾರು ಎಂದು ಲುಕ್ರೀಷಿಯಾ ಅಳುಕಿದ್ದರು. ಹೆಣ್ಣಿನ ಹಕ್ಕಿನ ಘೋಷಣೆಗೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಮೊದಲ ಹೆಸರು ಅಳುಕಿದವರದೇ. ಧೈರ್ಯವಂತರಿಗೆ ಅಳುಕು ಇರುವುದಿಲ್ಲ ಎಂದು ನಮಗೆ ಹೇಳಿಕೊಟ್ಟವರು ಯಾರೋ!

*

ಲುಕ್ರೀಷಿಯಾ 1880ರಲ್ಲಿ ತೀರಿಕೊಂಡರು. ಅಮೆರಿಕದ ಸಂವಿಧಾನ ಹೆಣ್ಣಿಗೆ ಮತದ ಹಕ್ಕು ಕೊಟ್ಟದ್ದು 1920ರಲ್ಲಿ. ಮರುವರ್ಷ ಅಡಿಲೇಡ್ ಜಾನ್ಸನ್ ಕಡೆದ ಅಮೃತಶಿಲೆಯ ವಿಗ್ರಹ ಸಂಸತ್ ಭವನಕ್ಕೆ ಬಂತು: ಮಾಟ್, ಸ್ಟಾಂಟನ್, ಮತದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಥನಿ ಒಂದೇ ಕಲ್ಲಿನಲ್ಲಿ. ಬಂದ ಸ್ವಲ್ಪದರಲ್ಲೇ ಅದನ್ನು ಕೆಳಗಿನ ನೆಲಮಾಳಿಗೆಗೆ ಇಳಿಸಿದರು. ಗುಮ್ಮಟದ ಹಜಾರಕ್ಕೆ ಮತ್ತೆ ತಂದು ನಿಲ್ಲಿಸಿದ್ದು 1997ರಲ್ಲಿ.